ಮಲ್ಲಿಗೆ ಪರಿಮಳದ ತೆಂಗಿನ ಹಾಲಿನ ಕಾಫಿ: ಹೂವು ನೀರಿಗೆ, ನೀರು ಕಾಯಿಗೆ

ನಿಮ್ಮ ಪ್ರಶ್ನೆ ಇದು: ಮಂಗಳೂರಿನಲ್ಲಿ ಮನೆ, ದನದ ಹಾಲು ಬಿಟ್ಟಿದ್ದೀರಿ. ಮಲ್ಲಿಗೆ ಹಾಕಿ ತೆಂಗಿನ ಹಾಲಿನ ಕಾಫಿ ಮಾಡಹೊರಟರೆ ಒಂದೋ ಹಾಲು ಒಡೆಯುತ್ತದೆ, ಇಲ್ಲವೇ ಕಾಫಿ ಕಹಿಯಾಗಿ ಹೂವಿನ ಪರಿಮಳವೇ ಇರುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ಹೆಚ್ಚಿನ ತಪ್ಪು ಬಿಸಿಯದ್ದು. ಹೂವನ್ನು ಹಾಲಿಗೆ ಹಾಕಿ ಕುದಿಸುವುದನ್ನು ಬಿಟ್ಟುಬಿಡಿ, ಹೂವು ಒಲೆಯ ಹತ್ತಿರವೂ ಬರಬಾರದು. ರಾತ್ರಿ ತಣ್ಣೀರಿನಲ್ಲಿ ಹೂವು ತೇಲಿಬಿಟ್ಟು, ಬೆಳಿಗ್ಗೆ ಆ ನೀರು ಹಾಕಿಯೇ ಕಾಯಿ ರುಬ್ಬಿ ಹಾಲು ಹಿಂಡಿ. ನಾನು ಮಾಡುವ ಕ್ರಮ ಇದು. ಮಲ್ಲಿಗೆಗೆ ಪರಿಮಳ ಕೊಡುವ ಲಿನಲೂಲ್, ಬೆಂಜೈಲ್ ಅಸಿಟೇಟ್, ಇಂಡೋಲ್‌ನಂಥ ಅಂಶಗಳು ಬೇಗ ಆರಿಹೋಗುವಂಥವು, ಆದರೆ ಕೊಬ್ಬು ಸಿಕ್ಕಿದರೆ ಅದಕ್ಕೆ ಅಂಟಿಕೊಳ್ಳುತ್ತವೆ. ಕುದಿಸಿದರೆ ಪರಿಮಳ ಅಡುಗೆಮನೆ ತುಂಬುತ್ತದೆ, ಪಾತ್ರೆಯಲ್ಲಿ ಉಳಿಯುವುದು ಹಸಿರು ತೊಟ್ಟಿನ ಕಹಿ. ತೆಂಗಿನ ಹಾಲಿನಲ್ಲಿ ಕೊಬ್ಬು ಧಾರಾಳ ಉಂಟು, ಹಾಗಾಗಿ ಹೂವಿನ ನೀರಿನಲ್ಲಿ ರುಬ್ಬಿದರೆ ಪರಿಮಳವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಹೂವನ್ನು ನೇರವಾಗಿ ಹಾಲಿನಲ್ಲೇ ರಾತ್ರಿಯಿಡೀ ಇಟ್ಟರೇನು ಎಂದು ಅನ್ನಿಸಬಹುದು. ನಮ್ಮ ಕರಾವಳಿಯ ಸೆಖೆಗೆ ಹಿಂಡಿದ ಹಾಲು ಬೆಳಗಾಗುವಷ್ಟರಲ್ಲಿ ಹುಳಿ ವಾಸನೆ ಬರುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಮೊಗ್ಗು ಸರಿಯಾಗಿ ಅರಳುವುದಿಲ್ಲ. ನೀರಿಗೆ ಈ ಎರಡು ತೊಂದರೆಯೂ ಇಲ್ಲ.

ಮೊದಲು ಹೂವಿನ ಮಾತು, ಇದರಲ್ಲಿ ರಾಜಿ ಬೇಡ. ರಥಬೀದಿಯಲ್ಲೋ ಮಾರುಕಟ್ಟೆಯಲ್ಲೋ ಅಟ್ಟೆ, ಚೆಂಡು ಎಂಬ ಕಟ್ಟುಗಳ ಲೆಕ್ಕದಲ್ಲಿ ಸಿಗುವ ಮಲ್ಲಿಗೆ ಮುಡಿಯುವುದಕ್ಕೆ, ದೇವರಿಗೆ. ಮೊಗ್ಗು ಕೊರೆಯುವ ಹುಳಕ್ಕೆ ಗಿಡಕ್ಕೆ ಔಷಧಿ ಹೊಡೆದಿರುತ್ತಾರೆ, ನೀರಿನಲ್ಲಿ ತೊಳೆದ ಮಾತ್ರಕ್ಕೆ ಅದು ಹೋಗುತ್ತದೆಂದು ನಂಬುವಂತಿಲ್ಲ. ಉಡುಪಿ ಕಡೆಯ ಶಂಕರಪುರದ ಮಲ್ಲಿಗೆ ಎಷ್ಟೇ ಒಳ್ಳೆಯದಿರಲಿ, ಬೆಳೆದವರನ್ನು ಕೇಳಿ ಔಷಧಿ ಹೊಡೆದಿಲ್ಲವೆಂದು ಗೊತ್ತಾದರೆ ಮಾತ್ರ ಕುಡಿಯುವುದಕ್ಕೆ ಬಳಸಿ. ಚಟ್ಟಿಯಲ್ಲಿ ಒಂದು ಮಲ್ಲಿಗೆ ಗಿಡವಿದ್ದರೆ ಸಾಕು, ನಮಗೆ ಬೇಕಾದದ್ದು 20 ಮೊಗ್ಗು. ಒಂದು ಚೆಂಡಿನಲ್ಲಿ 800 ಮೊಗ್ಗಿನ ಲೆಕ್ಕ, ಅಷ್ಟೆಲ್ಲ ಬೇಡ. ಪರಿಮಳವಿರುವ ಬಿಳಿ ಹೂವೆಲ್ಲ ಮಲ್ಲಿಗೆಯಲ್ಲ ಎಂಬುದೂ ನೆನಪಿರಲಿ. ರಾತ್ರಿರಾಣಿ, ಕಣಗಿಲೆ ಎರಡೂ ವಿಷ, ಅವುಗಳ ಸುದ್ದಿಗೇ ಹೋಗಬೇಡಿ.

ಮೊಗ್ಗನ್ನು ಸಂಜೆ ಕೊಯ್ದು ಒಂದು ತಟ್ಟೆಯಲ್ಲಿ ಹರಡಿಡಿ. ರಾತ್ರಿ ಎಂಟು, ಎಂಟೂವರೆಗೆ ಎಸಳು ಬಿಡಿಸಿಕೊಳ್ಳತೊಡಗುತ್ತದೆ. ನೀರಿಗೆ ಹಾಕಬೇಕಾದದ್ದು ಆಗಲೇ. ಮೊಗ್ಗಾಗಿರುವಾಗ ಪರಿಮಳ ಇನ್ನೂ ಹೊರಟಿರುವುದಿಲ್ಲ, ಮರುದಿನ ಬೆಳಗಿನ ಹೊತ್ತಿಗೆ ಬಹುಪಾಲು ಮುಗಿದಿರುತ್ತದೆ. ತೊಟ್ಟನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದು ಎಸಳನ್ನು ಮೆಲ್ಲಗೆ ಎಳೆದರೆ ಬಿಳಿ ನಳಿಗೆಯ ಸಮೇತ ಹೂವು ಜಾರಿ ಬರುತ್ತದೆ, ಹಸಿರು ಭಾಗ ಬೆರಳಲ್ಲೇ ಉಳಿಯುತ್ತದೆ. ಆ ಹಸಿರನ್ನು ಎಸೆಯಿರಿ, ಕಹಿಯ ಮೂಲ ಅದೇ. ನಳಿಗೆಯೊಳಗೆ ಸಣ್ಣ ಇರುವೆ ಇರುತ್ತದೆ, ಒಂದೊಂದನ್ನೂ ಕೊಡವಿ ನೋಡಿ.

ಕುದಿಸಿ ಆರಿಸಿದ 160 ಮಿಲಿ ನೀರನ್ನು ಅಗಲ ಬಾಯಿಯ ಗಾಜಿನ ಇಲ್ಲವೇ ಸ್ಟೀಲ್ ಪಾತ್ರೆಗೆ ಹಾಕಿ, ಹೂವನ್ನು ಮುಖ ಮೇಲೆ ಮಾಡಿ ತೇಲಿಬಿಟ್ಟು ಮುಚ್ಚಳ ಮುಚ್ಚಿ. ನಳ್ಳಿ ನೀರನ್ನು ಹಾಗೆಯೇ ಹಾಕಿದರೆ ಕ್ಲೋರಿನ್ ವಾಸನೆ ಮಲ್ಲಿಗೆಯ ಮೇಲೆ ಸವಾರಿ ಮಾಡುತ್ತದೆ. ಪ್ಲಾಸ್ಟಿಕ್ ಡಬ್ಬವೂ ಬೇಡ, ಹಿಂದೆ ಅದರಲ್ಲಿದ್ದ ಉಪ್ಪಿನಕಾಯಿಯ ವಾಸನೆ ಬಿಡುವುದಿಲ್ಲ. ಬೆಳಿಗ್ಗೆ ಆರಕ್ಕೆ ಹೂವು ತೆಗೆದು ನೀರನ್ನು ಸೋಸಿ. ಎಂಟು ಹತ್ತು ಗಂಟೆ ಸಾಕು. ಎಸಳಿನ ಅಂಚು ನೀರು ಕುಡಿದು ಗಾಜಿನಂತಾಗಿ, ಕಂದು ತಿರುಗಿದೆಯೆಂದರೆ ಹೊತ್ತು ಮೀರಿದೆ ಎಂದು ಅರ್ಥ, ಆ ನೀರಿಗೆ ಕೊಳೆತ ಸೊಪ್ಪಿನ ವಾಸನೆ ಬರುತ್ತದೆ. ಹೂವು ಜಾಸ್ತಿ ಹಾಕಿದರೂ ಕೆಡುತ್ತದೆ. ಇಂಡೋಲ್ ಅಳತೆಯಲ್ಲಿದ್ದರೆ ಮಲ್ಲಿಗೆ, ಮಿತಿ ದಾಟಿದರೆ ಬಟ್ಟೆಯ ಪೆಟ್ಟಿಗೆಯ ನುಸಿಗುಳಿಗೆ. ಅದಕ್ಕೇ 160 ಮಿಲಿಗೆ 20 ಹೂವು ಎಂದದ್ದು.

ಇನ್ನು ಹಾಲು. ಎರಡು ಲೋಟ ಕಾಫಿಗೆ ಬಲಿತ ಕಾಯಿಯ ಒಂದು ಕಡಿ, ಅಂದರೆ ಅರ್ಧ ಕಾಯಿ, ಅಂದಾಜು 120 ಗ್ರಾಂ ತುರಿ. ಹೆರೆಯುವಾಗ ಕಂದು ಸಿಪ್ಪೆ ಬರುವ ಮೊದಲೇ ನಿಲ್ಲಿಸಿ, ಇಲ್ಲವಾದರೆ ಹಾಲು ಬೂದು ಬಣ್ಣಕ್ಕೆ ತಿರುಗಿ ಒಗರಾಗುತ್ತದೆ. ರಾತ್ರಿ ನೆನೆಹಾಕಿದ 10-12 ಗೇರುಬೀಜವನ್ನು ನೀರು ಬಸಿದು ಇದಕ್ಕೆ ಸೇರಿಸಿ. ಗೇರುಬೀಜ ಇಲ್ಲಿ ರುಚಿಗಷ್ಟೇ ಅಲ್ಲ. ಅದರಲ್ಲಿರುವ ಪಿಷ್ಟ ಬಿಸಿಗೆ ಸ್ವಲ್ಪ ಮಂದವಾಗಿ ಕೊಬ್ಬಿನ ಹನಿಗಳು ಒಂದಕ್ಕೊಂದು ಸೇರದಂತೆ ತಡೆಯುತ್ತದೆ. ಪ್ಯಾಕೆಟ್ಟಿನ ತೆಂಗಿನ ಹಾಲಿಗೆ ಗೋರಿಕಾಯಿ ಜಾತಿಯ ಅಂಟು ಸೇರಿಸುವುದು ಇದೇ ಕಾರಣಕ್ಕೆ.

ಹೂವಿನ ನೀರಲ್ಲಿ 150 ಮಿಲಿ ಹಾಕಿ ಮಿಕ್ಸಿಯಲ್ಲಿ 30 ಸೆಕೆಂಡಿನಂತೆ ಎರಡು ಸಲ ತಿರುಗಿಸಿ, ನಡುವೆ ಒಂದು ನಿಮಿಷ ಬಿಡಿ. ಒಂದೇ ಸಮನೆ ತಿರುಗಿಸಿದರೆ ಜಾರು ಬಿಸಿಯಾಗಿ ಕೊಬ್ಬು ಬೆಣ್ಣೆಯಂತೆ ಬೇರೆಯಾಗುತ್ತದೆ. ಕಾಯಿ ಫ್ರಿಜ್ಜಿನಲ್ಲಿತ್ತೋ, ಒಂದು ಗಂಟೆ ಮೊದಲೇ ಹೊರಗಿಡಿ. ತೆಂಗಿನೆಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುವುದರಿಂದ ತಣ್ಣಗಿನ ಕಾಯಿ ಎಷ್ಟು ಹಿಂಡಿದರೂ ಹಾಲು ಕೊಡುವುದಿಲ್ಲ. ತೆಳು ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಿದರೆ 170-180 ಮಿಲಿ ದಪ್ಪ ಹಾಲು ಸಿಗಬೇಕು. ಹಿಂಡಿದ ಚರಟವನ್ನು ಎಸೆಯಬೇಡಿ, ಪಲ್ಯಕ್ಕೆ ಆಗುತ್ತದೆ.

ಕಾಫಿಪುಡಿಯ ಆಯ್ಕೆಯಲ್ಲಿ ಹಲವರು ಎಡವುತ್ತಾರೆ. ನಮ್ಮ ಮಾಮೂಲಿ ಫಿಲ್ಟರ್ ಪುಡಿಯಲ್ಲಿ ಚಿಕೋರಿ ಉಂಟು, ಕಾನೂನಿನ ಪ್ರಕಾರ 49 ಶೇಕಡಾದವರೆಗೂ ಇರಬಹುದು. ಎಮ್ಮೆ ಹಾಲಿಗೆ ಅದು ಒಪ್ಪುತ್ತದೆ, ಆದರೆ ಹೂವಿನ ಪರಿಮಳವನ್ನು ಪೂರ್ತಿ ಮುಚ್ಚಿಬಿಡುತ್ತದೆ. ಚಿಕೋರಿ ಇಲ್ಲದ, ಮಧ್ಯಮ ಹುರಿದ ಅರೇಬಿಕಾ ಕೊಳ್ಳಿ, ಅಂಗಡಿಯಲ್ಲಿ ಪ್ಲಾಂಟೇಶನ್ ಎ ಅಥವಾ ಪೀಬೆರಿ ಎಂದು ಕೇಳಿದರೆ ಕೊಡುತ್ತಾರೆ. ತೀರಾ ಕಮ್ಮಿ ಹುರಿದದ್ದು ಬೇಡ, ಅದರಲ್ಲಿ ಹುಳಿ ಜಾಸ್ತಿ, ಹಾಲು ಒಡೆಯಲು ಇನ್ನೊಂದು ಕಾರಣವಾಗುತ್ತದೆ. ಕಪ್ಪಗೆ ಹುರಿದದ್ದರಲ್ಲಿ ಸುಟ್ಟ ವಾಸನೆಯೊಂದೇ ಬರುತ್ತದೆ.

ಫಿಲ್ಟರಿಗೆ 20 ಗ್ರಾಂ ಪುಡಿ, ಕುದಿದು ಅರ್ಧ ನಿಮಿಷ ಬಿಟ್ಟ 120 ಮಿಲಿ ನೀರು. ಪುಡಿಯನ್ನು ಒತ್ತಿ ಕೂರಿಸಬೇಡಿ. ಕಾಲು ಗಂಟೆಯಲ್ಲಿ ಹೆಚ್ಚುಕಡಿಮೆ 80 ಮಿಲಿ ಡಿಕಾಕ್ಷನ್ ಇಳಿಯುತ್ತದೆ, ಉಳಿದದ್ದು ಪುಡಿಯಲ್ಲೇ ಇರುತ್ತದೆ.

ಎರಡನ್ನೂ ಸೇರಿಸುವ ಗಳಿಗೆಯಲ್ಲಿ ಅವಸರ ಬೇಡ. ಹಾಲನ್ನು ನೇರ ಉರಿಗಿಡದೆ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕಾಯಿಸಿ. ಚಮಚ ಆಡಿಸುತ್ತಿರಿ, ಉಳಿದ ಹೊತ್ತು ಮುಚ್ಚಿಡಿ. 65 ಡಿಗ್ರಿ ಸಾಕು. ಥರ್ಮಾಮೀಟರ್ ಇಲ್ಲದಿದ್ದರೆ ಪಾತ್ರೆಯ ಅಂಚಿನಲ್ಲಿ ಹಬೆಯ ಎಳೆ ಕಾಣಿಸಿದ ತಕ್ಷಣ ಇಳಿಸಿ, ಅಂಚಿನಲ್ಲಿ ಸಣ್ಣ ಗುಳ್ಳೆ ಬಂದರೆ ತಡವಾಯಿತು. 80 ಡಿಗ್ರಿಯ ಹತ್ತಿರ ತೆಂಗಿನ ಹಾಲಿನ ಪ್ರೋಟೀನು ಗಟ್ಟಿಯಾಗಿ ಕೊಬ್ಬಿನ ಹಿಡಿತ ಬಿಡುತ್ತದೆ, ಮೇಲೆ ಎಣ್ಣೆ, ಕೆಳಗೆ ನೀರು. ಕಾಫಿಯ ಹುಳಿ ಸೇರಿದರೆ ಅದು ಇನ್ನೂ ಬೇಗ ಆಗುತ್ತದೆ. ಹಾಗಾಗಿ ಡಿಕಾಕ್ಷನ್ನೂ ಹಾಲಿನಷ್ಟೇ ಬಿಸಿಯಿರಲಿ, ಹಾಲಿಗೆ ಡಿಕಾಕ್ಷನ್ ಸುರಿಯಿರಿ, ಡಿಕಾಕ್ಷನ್ನಿಗೆ ಹಾಲಲ್ಲ. ಸಣ್ಣ ಧಾರೆ, ಇನ್ನೊಂದು ಕೈಯಲ್ಲಿ ಚಮಚ. ಮೊದಲ ಹನಿಗಳು ತುಂಬ ಹಾಲಿನಲ್ಲಿ ಕರಗುವುದರಿಂದ ಹುಳಿ ಒಮ್ಮೆಲೇ ತಾಗುವುದಿಲ್ಲ. ಇಷ್ಟು ಮಾಡಿಯೂ ಒಡೆಯುತ್ತದೆಂದಾದರೆ ಕಡ್ಡಿ ತುದಿಯಲ್ಲಿ ನಿಲ್ಲುವಷ್ಟು ಅಡುಗೆ ಸೋಡಾವನ್ನು ಹಾಲಿಗೆ ಬೆರೆಸಿ. ಚಿಟಿಕೆ ತುಂಬ ಹಾಕಿದರೆ ಸಾಬೂನು ರುಚಿ.

ಲೋಟಕ್ಕೆ 90 ಮಿಲಿ ಹಾಲು, 40 ಮಿಲಿ ಡಿಕಾಕ್ಷನ್, ಒಂದು ಚಮಚ ಸಕ್ಕರೆ ಇಲ್ಲವೇ ಪುಡಿಮಾಡಿದ ಕಲ್ಲುಸಕ್ಕರೆ. ಬೆಲ್ಲ, ಅದರಲ್ಲೂ ವಾಲೆಬೆಲ್ಲ, ಪಾಯಸಕ್ಕೆ ಎಷ್ಟು ಚೆಂದವೋ ಇಲ್ಲಿ ಅಷ್ಟೇ ತೊಂದರೆ, ಅದರ ಘಮದ ಎದುರು ಮಲ್ಲಿಗೆ ನಿಲ್ಲುವುದಿಲ್ಲ. ಏಲಕ್ಕಿಯೂ ಹಾಗೆಯೇ. ಹೋಟೆಲಿನವರಂತೆ ಎತ್ತಿ ಹೊಯ್ದು ನೊರೆ ಬರಿಸುವ ಆಸೆ ಬೇಡ. ತೆಂಗಿನ ಕೊಬ್ಬು ನೊರೆಯನ್ನು ನಿಲ್ಲಗೊಡುವುದಿಲ್ಲ, ಹೊಯ್ದಷ್ಟೂ ಪರಿಮಳ ಗಾಳಿಗೆ ಹೋಗುತ್ತದೆ. ಕುಡಿಯುವ ಮುಂಚೆ ಉಳಿದ ಹೂವಿನ ನೀರನ್ನು ಲೋಟಕ್ಕೆ ಒಂದೊಂದು ಚಮಚ ಮೇಲಿನಿಂದ ಹಾಕಿ, ಬಿಸಿ ತಾಗದ ಆ ನೀರಿನ ಪರಿಮಳ ಮೂಗಿಗೆ ಮೊದಲು ಸಿಗುತ್ತದೆ.

ಐಸ್ ಹಾಕಿ ಕುಡಿಯುವ ಮನಸ್ಸಿದ್ದರೆ ದಪ್ಪ ತೆಂಗಿನ ಹಾಲು ಆಗುವುದಿಲ್ಲ. ತಣ್ಣಗಾದ ಕೊಬ್ಬು ರವೆಯಂತೆ ನಾಲಿಗೆಗೆ ಸಿಗುತ್ತದೆ. ಅದಕ್ಕೆ 40 ಗ್ರಾಂ ಗೇರುಬೀಜವನ್ನು 180 ಮಿಲಿ ಹೂವಿನ ನೀರಿನಲ್ಲಿ ರುಬ್ಬಿದ ಹಾಲೇ ಸರಿ, ಇದನ್ನು ಬಿಸಿ ಮಾಡುವುದೇ ಬೇಡ. ಮಳೆಗಾಲದಲ್ಲಿ ಗಿಡ ಮೊಗ್ಗು ಬಿಡದಿದ್ದಾಗ, ಅಡುಗೆಗೆಂದೇ ಮಾರುವ ಗುಲಾಬಿ ನೀರನ್ನು ಲೋಟಕ್ಕೆ ಅರ್ಧ ಚಮಚ ಕೊನೆಯಲ್ಲಿ ಬೆರೆಸಿ. ಮುಖಕ್ಕೆ ಹಚ್ಚುವ ಸೀಸೆಯದ್ದನ್ನು ಬಳಸಬೇಡಿ.

ಹಿಂಡಿದ ಹಾಲು ಉಳಿದರೆ ಫ್ರಿಜ್ಜಿನಲ್ಲಿ ಒಂದು ದಿನ ಇರುತ್ತದೆ. ಮೇಲೆ ಕಟ್ಟಿದ ಗಟ್ಟಿ ಪದರ ಕೆಟ್ಟದ್ದಲ್ಲ, ಕೊಬ್ಬು ಅಷ್ಟೆ. ಅರ್ಧ ಗಂಟೆ ಹೊರಗಿಟ್ಟು ಕದಡಿದರೆ ಕೂಡಿಕೊಳ್ಳುತ್ತದೆ. ಡಿಕಾಕ್ಷನ್ ಸೇರಿಸಿದ ಮೇಲೆ ಮಾತ್ರ ಇಡಬೇಡಿ, ಮತ್ತೆ ಕಾಯಿಸಿದರೆ ಖಂಡಿತ ಒಡೆಯುತ್ತದೆ.