1911 ಪಿಸ್ತೂಲು ಕೊಳ್ಳುವಾಗ ಕಂಪನಿಯ ಹೆಸರಿಗಿಂತ ಮೊದಲು ನೋಡಬೇಕಾದದ್ದು

ಹೆಗಡೆಯವರೇ,

ಹ್ಯೂಸ್ಟನ್ನಿನಲ್ಲಿರುವ ಮಗ ರೇಂಜಿನಲ್ಲಿ ಗುರಿ ಅಭ್ಯಾಸಕ್ಕೆಂದು 1911 ಮಾದರಿಯ ಪಿಸ್ತೂಲು ಕೊಳ್ಳಲು ಹೊರಟಿದ್ದಾನೆ, ಕೋಲ್ಟ್, ಸ್ಪ್ರಿಂಗ್‌ಫೀಲ್ಡ್, ಕಿಂಬರ್, ರಾಕ್ ಐಲ್ಯಾಂಡ್ ಇವುಗಳಲ್ಲಿ ಯಾವುದನ್ನು ಹೇಳಲಿ ಎಂದು ಕೇಳಿದ್ದೀರಿ. ಇದುವರೆಗೆ ಬಂದ ಉತ್ತರಗಳಲ್ಲಿ ಹೆಸರುಗಳೇ ತುಂಬಿವೆ, ಕಾರಣಗಳು ಕಡಿಮೆ. ನೌಕಾಪಡೆಯಲ್ಲಿ ಸಣ್ಣ ಆಯುಧಗಳ ದುರಸ್ತಿ ಮಾಡುತ್ತಲೇ ನಿವೃತ್ತನಾಗಿ ಕಾರವಾರದಲ್ಲಿ ನೆಲೆಸಿದವನು ನಾನು. ಟೆಕ್ಸಾಸಿನಲ್ಲಿರುವ ಅಳಿಯನಿಗೂ ಇದೇ ಹುಚ್ಚು. ವಿಡಿಯೊ ಕರೆಯಲ್ಲಿ ಒಂದಲ್ಲ ಒಂದು ಪಿಸ್ತೂಲನ್ನು ಬಿಚ್ಚಿ ತೋರಿಸುತ್ತಲೇ ಇರುತ್ತಾನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು ಮಗನ ವೀಸಾ ಯಾವುದೆಂದು ಕೇಳಿ. ಎಚ್-1ಬಿ ಸೇರಿದಂತೆ ವಲಸೆಯೇತರ ವೀಸಾದ ಮೇಲೆ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದರೆ ಈ ತೊಡಕಿಲ್ಲ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಹಾರಿಸುವುದಕ್ಕೂ ಇದೇ ಕಾನೂನು ತಾಗುತ್ತದೆ. ನಾನು ಮಗಳ ಮನೆಗೆ ಹೋದಾಗ ಅಳಿಯ ಹಾರಿಸುವುದನ್ನು ರೇಂಜಿನ ಗಾಜಿನಾಚೆ ನಿಂತು ನೋಡಿದ್ದು ಈ ಕಾರಣಕ್ಕೇ. ಅಲ್ಲಿಯ ವಕೀಲರೊಬ್ಬರನ್ನು ಕೇಳದೆ ಮಗ ಒಂದು ಹೆಜ್ಜೆಯನ್ನೂ ಮುಂದಿಡಬಾರದು. ಪಿಸ್ತೂಲಿನ ಆಸೆಗೆ ವೀಸಾ ಕಳೆದುಕೊಂಡರೆ ಆ ನಷ್ಟವನ್ನು ಯಾರೂ ತುಂಬಿಕೊಡಲಾರರು.

ಇನ್ನು ಪಿಸ್ತೂಲಿನ ವಿಷಯ. ಜಾನ್ ಬ್ರೌನಿಂಗ್ ರೂಪಿಸಿದ ಈ ಆಯುಧ ಅಂತಿಮ ಪರೀಕ್ಷೆಯಲ್ಲಿ 6000 ಗುಂಡುಗಳನ್ನು ಒಮ್ಮೆಯೂ ತಡೆಯದೆ ಹಾರಿಸಿತು. 1911ರ ಮಾರ್ಚ್ 29ರಂದು ಅಮೆರಿಕದ ಸೇನೆ ಅದನ್ನು ಒಪ್ಪಿಕೊಂಡಿತು. 1985ರಲ್ಲಿ ಬೆರೆಟ್ಟಾ ಬರುವವರೆಗೂ ಅದೇ ಅಧಿಕೃತ ಪಿಸ್ತೂಲು. ಎರಡನೇ ಮಹಾಯುದ್ಧದಲ್ಲಿ ಕೋಲ್ಟ್ ಒಂದರಿಂದಲೇ ಪೂರೈಸಲಾಗದೆ ಟೈಪ್‌ರೈಟರ್ ತಯಾರಿಸುತ್ತಿದ್ದ ರೆಮಿಂಗ್ಟನ್ ರ್‍ಯಾಂಡ್, ರೈಲ್ವೆ ಸಿಗ್ನಲ್ ತಯಾರಿಸುತ್ತಿದ್ದ ಯೂನಿಯನ್ ಸ್ವಿಚ್ ಆ್ಯಂಡ್ ಸಿಗ್ನಲ್ ಕಂಪನಿಗಳೂ ಇದನ್ನು ಮಾಡಿದವು. ನಮ್ಮ ಮನೆಗಳಲ್ಲಿ ಹೊಲಿಗೆ ಯಂತ್ರದಿಂದ ಹೆಸರಾದ ಸಿಂಗರ್ ಕಂಪನಿ 500 ಪಿಸ್ತೂಲುಗಳನ್ನಷ್ಟೇ ಮಾಡಿತು. ಇಂದು ಸಂಗ್ರಾಹಕರು ಅದಕ್ಕಾಗಿ ಮುಗಿಬೀಳುತ್ತಾರೆ. ನಕ್ಷೆ ಅಷ್ಟು ಗಟ್ಟಿಯಾಗಿತ್ತು, ಯಾರು ಮಾಡಿದರೂ ಕೆಲಸ ಮಾಡಿತು. ಆದ್ದರಿಂದಲೇ ಸ್ಲೈಡಿನ (ಹಾರಿಸಿದಾಗ ಹಿಂದೆ ಮುಂದೆ ಓಡುವ ಮೇಲ್ಭಾಗ) ಮೇಲಿನ ಹೆಸರಿಗಿಂತ ಒಳಗೆ ಯಾರು ಏನನ್ನು ಬದಲಿಸಿದ್ದಾರೆ ಎಂಬುದೇ ಮುಖ್ಯ ಎಂದು ನಾನು ಹೇಳುವುದು.

ಮೊದಲು ನೋಡಬೇಕಾದದ್ದು ಫೈರಿಂಗ್ ಪಿನ್, ಗುಂಡಿನ ಹಿಂಬದಿಗೆ ಬಡಿದು ಅದನ್ನು ಸಿಡಿಸುವ ಕಡ್ಡಿ. ಹಳೆಯ ಮಾದರಿಯಲ್ಲಿ ಪಿಸ್ತೂಲು ಬಾಯಿ ಕೆಳಗಾಗಿ ಗಟ್ಟಿ ನೆಲಕ್ಕೆ ಬಿದ್ದರೆ ಪಿನ್ ತನ್ನ ಭಾರಕ್ಕೇ ಮುಂದೆ ಸರಿದು ಗುಂಡು ಹಾರುವ ಸಣ್ಣ ಅಪಾಯವಿತ್ತು. ಇದಕ್ಕೆ ಮೂರು ಬಗೆಯ ಪರಿಹಾರಗಳು ಬಂದವು. ಕೋಲ್ಟ್ 1983ರಲ್ಲಿ ಸೀರೀಸ್ 80 ಎಂದು ಕರೆದು ಪಿನ್ನಿಗೆ ತಡೆಯೊಂದನ್ನು ಹಾಕಿತು. ಟ್ರಿಗರ್ ಎಳೆದಾಗ ಮಾತ್ರ ಅದು ಸರಿಯುತ್ತದೆ. ಕಿಂಬರ್ ಮತ್ತು ಸ್ಮಿತ್ ಆ್ಯಂಡ್ ವೆಸನ್ ಅಂಥದ್ದೇ ತಡೆಯನ್ನು ಹಿಡಿಕೆಯ ಹಿಂಭಾಗದ ಸೇಫ್ಟಿಗೆ, ಅಂದರೆ ಹಿಡಿಕೆಯನ್ನು ಬಿಗಿಯಾಗಿ ಹಿಡಿದಾಗ ಒಳಗೊತ್ತುವ ಸುರಕ್ಷಾ ಭಾಗಕ್ಕೆ, ಜೋಡಿಸಿದವು. ಸ್ಪ್ರಿಂಗ್‌ಫೀಲ್ಡ್ ಮತ್ತು ರೂಗರ್ ಹೊಸ ಭಾಗವನ್ನೇ ಸೇರಿಸದೆ ಹಗುರ ಟೈಟಾನಿಯಂ ಪಿನ್ ಹಾಕಿದವು. ನನಗೆ ಹಿಡಿಸುವುದು ಈ ಮೂರನೆಯ ದಾರಿ. ಸೀರೀಸ್ 80ರಲ್ಲಿ ಟ್ರಿಗರ್ ಎಳೆತ ಕೆಡುತ್ತದೆ ಎಂಬ ಮಾತು ಸ್ವಲ್ಪ ಅತಿಯಾಯಿತು. ಒಳ್ಳೆಯ ಕೈಯಲ್ಲಿ ಅದನ್ನೂ ನುಣುಪು ಮಾಡಬಹುದು. ಆದರೆ ಮನೆಯಲ್ಲೇ ಬಿಚ್ಚಿ ಜೋಡಿಸುವ ಹೊಸಬನಿಗೆ ಆ ಸಣ್ಣ ಭಾಗಗಳು ಕಿರಿಕಿರಿ ಕೊಡುವುದು ಖಂಡಿತ.

ಎರಡನೆಯದು ಎಕ್ಸ್‌ಟ್ರ್ಯಾಕ್ಟರ್, ಹಾರಿದ ಗುಂಡಿನ ಖಾಲಿ ಕೇಸನ್ನು ಹಿಡಿದೆಳೆಯುವ ಕೊಕ್ಕೆ. ಬ್ರೌನಿಂಗ್ ಇದನ್ನು ಸ್ಲೈಡಿನ ಒಳಗೆ ಹುದುಗಿದ ಉದ್ದನೆಯ ಸ್ಪ್ರಿಂಗ್ ಉಕ್ಕಿನ ತುಂಡಾಗಿ ಮಾಡಿದ. ಕೊಕ್ಕೆಯೂ ಅದೇ, ಸ್ಪ್ರಿಂಗೂ ಅದೇ. ಒಳ್ಳೆಯ ಉಕ್ಕಾಗಿದ್ದು ಸರಿಯಾದ ಬಿಗಿ ಇದ್ದರೆ ಬಹುಕಾಲ ಬಾಳುತ್ತದೆ. ಬಿಗಿ ಕಡಿಮೆಯಾದರೆ ಖಾಲಿ ಕೇಸ್ ಎತ್ತೆತ್ತಲೋ ಸಿಡಿಯುತ್ತದೆ, ಇಲ್ಲವೇ ಹೊರಬೀಳುವ ಕಿಂಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಸಿಗ್ ಸಾವರ್ ಮತ್ತು ಸ್ಮಿತ್ ಆ್ಯಂಡ್ ವೆಸನ್ ಹೊರಗಿನ ಎಕ್ಸ್‌ಟ್ರ್ಯಾಕ್ಟರಿಗೆ ಪ್ರತ್ಯೇಕ ಸ್ಪ್ರಿಂಗ್ ಕೊಟ್ಟಿವೆ. ನೋಡಲು ಹಳೆಯ ಚೆಂದವಿಲ್ಲ, ಆದರೆ ಬಿಗಿ ಹೊಂದಿಸುವ ಗೋಜೂ ಇಲ್ಲ.

ಫ್ರೇಮ್, ಅಂದರೆ ಹಿಡಿಕೆಯೂ ಸೇರಿದ ಕೆಳಭಾಗದ ಚೌಕಟ್ಟು, ಕಾಸಿ ಬಡಿದದ್ದೋ ಎರಕದ್ದೋ ಎಂಬ ಜಗಳ ಮುಗಿಯುವಂಥದ್ದಲ್ಲ. ಬಡಿದದ್ದು ಮೇಲು, ನಿಜ. ಆದರೆ ರೂಗರಿನ ಎರಕ ತುಂಬಾ ಒಳ್ಳೆಯದು. ಒಬ್ಬ ಹವ್ಯಾಸಿ ಅದನ್ನು ಸವೆಸುವಷ್ಟು ಗುಂಡು ಹಾರಿಸುವುದು ಕಷ್ಟ. ಲೋಹದ ಪುಡಿಯನ್ನು ಅಚ್ಚಿಗೊತ್ತಿ ಕಾಯಿಸಿ ಮಾಡುವ ಎಂಐಎಂ ಬಿಡಿಭಾಗಗಳ ಮೇಲೂ ಇಂಥದ್ದೇ ಅಪವಾದವಿದೆ. ಎಕ್ಸ್‌ಟ್ರ್ಯಾಕ್ಟರ್ ಮಾತ್ರ ಎಂಐಎಂ ಆಗಿರಬಾರದು. ಉಳಿದವಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ.

ಈಗ ಹೆಸರುಗಳು. ಕೋಲ್ಟ್ ಮೂಲದ್ದು, ಮರುಮಾರಾಟದಲ್ಲಿ ಬೆಲೆ ಉಳಿಸಿಕೊಳ್ಳುತ್ತದೆ; 2021ರಿಂದ ಅದರ ಒಡೆತನ ಚೆಕ್ ದೇಶದ ಸಿಝಡ್ ಸಮೂಹದ್ದು. ಹಣದ ಒಂದು ಪಾಲು ಹೆಸರಿಗೇ ಹೋಗುತ್ತದೆ. ಸ್ಪ್ರಿಂಗ್‌ಫೀಲ್ಡ್ ಎಂದರೆ ಮ್ಯಾಸಚೂಸೆಟ್ಸ್‌ನ ಹಳೆಯ ಸರ್ಕಾರಿ ಶಸ್ತ್ರಾಗಾರ ಎಂದು ಇಲ್ಲಿ ಒಬ್ಬರು ಬರೆದಿದ್ದಾರೆ. ಹಾಗಲ್ಲ. ಅದು 1968ರಲ್ಲಿ ಮುಚ್ಚಿತು. ಈಗಿನದು ಇಲಿನಾಯ್ ರಾಜ್ಯದ ಖಾಸಗಿ ಕಂಪನಿ. ಬಡಿದ ಫ್ರೇಮ್, ಹದವಾದ ಬೆಲೆ, ನನಗೆ ನಂಬಿಕೆ ಇದೆ. ಕಿಂಬರ್ ಕಣ್ಣಿಗೆ ಚೆಂದ, ಜೋಡಣೆ ಬಿಗಿ. ಆದರೆ ಮೊದಲ ಕೆಲವು ನೂರು ಗುಂಡು ಹಾರಿಸಿ ಹದಕ್ಕೆ ತರಬೇಕು, ಹೊಸಬನಿಗೆ ಅಷ್ಟು ತಾಳ್ಮೆ ಇರಬೇಕಲ್ಲ. ರಾಕ್ ಐಲ್ಯಾಂಡ್ ಫಿಲಿಪ್ಪೀನ್ಸಿನ ಆರ್ಮ್‌ಸ್ಕಾರ್ ಕಂಪನಿಯದು: ಎರಕದ ಫ್ರೇಮ್, ಒರಟು ಮುಗಿತಾಯ, ಕೆಲಸಕ್ಕೆ ಮೋಸವಿಲ್ಲ. ನೀವು ಕೇಳದೇ ಇದ್ದ ಒಂದು ಹೆಸರು ಹೇಳುತ್ತೇನೆ, ಟಿಸಾಸ್. ಟರ್ಕಿಯ ಕಪ್ಪು ಸಮುದ್ರದ ದಂಡೆಯ ಟ್ರಾಬ್ಝೋನ್ ಊರಿನದು. ಕಡಿಮೆ ಬೆಲೆಯಲ್ಲೂ ಬಡಿದ ಫ್ರೇಮ್ ಕೊಡುತ್ತದೆ. ಹಣ ಕಡಿಮೆಯಿದ್ದರೆ ನನ್ನ ಮತ ಅದಕ್ಕೇ. ವಿಲ್ಸನ್ ಕಾಂಬ್ಯಾಟ್, ನೈಟ್‌ಹಾಕ್‌ನಂಥ ಕೈಕೆಲಸದ ಪಿಸ್ತೂಲುಗಳು ಅದ್ಭುತವೇ ಸರಿ. ಆದರೆ ಕಲಿಯುವವನ ಕೈಯಲ್ಲಿ ಅವುಗಳ ಬೆಲೆ ಗುರಿಯ ಹಾಳೆಯ ಮೇಲೆ ಕಾಣುವುದಿಲ್ಲ. ಅಷ್ಟು ಹಣವನ್ನು ಗುಂಡಿಗೂ ಒಳ್ಳೆಯ ಶಿಕ್ಷಕನಿಗೂ ಹಾಕಲಿ.

ನಳಿಗೆ 5 ಇಂಚಿನದೇ ಇರಲಿ. 3 ಇಂಚಿನ ಪುಟ್ಟ 1911ಗಳಲ್ಲಿ ಸ್ಲೈಡ್ ಓಡುವ ದೂರ ಕಡಿಮೆ, ಸ್ಪ್ರಿಂಗ್ ಗಡುಸು, ಆದ್ದರಿಂದ ಮುನಿಸೂ ಹೆಚ್ಚು. ಗುಂಡು .45 ಎಸಿಪಿ, 1911ರ ಮೂಲ ಗುಂಡು, ಎಂದರೆ ಸಂಪ್ರದಾಯ. 9 ಎಂಎಂ ಎಂದರೆ ಅಗ್ಗ, ಒದೆತ ಕಡಿಮೆ. ಒಂದು ಕಿಲೋಗಿಂತ ಹೆಚ್ಚು ತೂಗುವ ಉಕ್ಕಿನ ಪಿಸ್ತೂಲಿನಲ್ಲಿ 9 ಎಂಎಂ ಹಾರಿಸುವುದು ಎಷ್ಟು ಹಿತವೆಂದರೆ ಹೊಸಬನ ಕೈ ಅದುರುವ ಅಭ್ಯಾಸವೇ ಬೆಳೆಯುವುದಿಲ್ಲ. ಹಿಡಿಕೆಯೊಳಗೆ ಕೂರುವ ಗುಂಡಿನ ಡಬ್ಬಿ, ಅಂದರೆ ಮ್ಯಾಗಜೀನ್ ವಿಷಯದಲ್ಲಿ ಜಿಪುಣತನ ಬೇಡ: ಗುಂಡು ಸಿಕ್ಕಿಕೊಂಡರೆ ಮೊದಲ ಅನುಮಾನ ಅದರ ಮೇಲೆಯೇ ಇರಲಿ. ಇಟಲಿಯ ಮೆಕ್-ಗಾರ್ ಅಥವಾ ವಿಲ್ಸನ್ನಿನವು ಎರಡು ಜೊತೆಗಿಟ್ಟುಕೊಳ್ಳಲಿ.

ಮಗ 1911ಕ್ಕೇ ಕಟ್ಟುಬಿದ್ದಿಲ್ಲವಾದರೆ ಬ್ರೌನಿಂಗ್ ಹೈ ಪವರ್ ಅನ್ನೂ ಕೈಯಲ್ಲಿ ಹಿಡಿದು ನೋಡಲಿ. ಬ್ರೌನಿಂಗ್ ಆರಂಭಿಸಿ, ಅವನ ನಂತರ ಬೆಲ್ಜಿಯಮ್ಮಿನ ಎಫ್‌ಎನ್ ಕಂಪನಿಯ ದ್ಯೂದೋನೆ ಸೇವ್ 1935ರಲ್ಲಿ ಮುಗಿಸಿದ ಪಿಸ್ತೂಲು ಅದು, 13 ಗುಂಡಿನದು. ನಮ್ಮ ಸೇನೆಯ 9 ಎಂಎಂ 1ಎ ಇದೇ ವಂಶದ್ದು, ಈಶಾಪುರ ರೈಫಲ್ ಕಾರ್ಖಾನೆಯಲ್ಲಿ ತಯಾರಾದದ್ದು. ನನ್ನ ಕೈ ಪಳಗಿದ್ದು ಅದರ ಮೇಲೆ. ಹಿಡಿಕೆ ಅಂಗೈಗೆ ಕೂರುವ ರೀತಿ 1911ಕ್ಕಿಂತಲೂ ಚೆನ್ನ ಎನ್ನುತ್ತೇನೆ. ಮ್ಯಾಗಜೀನ್ ತೆಗೆದರೆ ಹಾರದಂತೆ ತಡೆಯುವ ಭಾಗದಿಂದ ಟ್ರಿಗರ್ ಒರಟಾಗುತ್ತಿತ್ತು. ಸ್ಪ್ರಿಂಗ್‌ಫೀಲ್ಡ್ 2021ರಲ್ಲಿ ತಂದ ಎಸ್‌ಎ-35ರಲ್ಲಿ ಆ ಭಾಗವನ್ನೇ ಕೈಬಿಟ್ಟಿದ್ದಾರೆ.

ತುಕ್ಕಿನ ಮಾತು ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ. ಹ್ಯೂಸ್ಟನ್ ಕೂಡ ಕೊಲ್ಲಿಯ ಸಮೀಪದ ಊರು. ಬೆವರು, ಆರ್ದ್ರತೆ ಕಾರವಾರದ ಹಾಗೆಯೇ. ನೀಲಿಗಪ್ಪು ಲೇಪನ ಚೆಂದ, ಆದರೆ ಬೆರಳಚ್ಚೇ ಕಲೆಯಾಗುತ್ತದೆ. ಸ್ಟೇನ್‌ಲೆಸ್ ತೆಗೆದುಕೊಳ್ಳಲಿ, ಅದಕ್ಕೂ ಎಣ್ಣೆಬಟ್ಟೆ ತಪ್ಪಿದ್ದಲ್ಲ. ಚರ್ಮದ ಚೀಲದಲ್ಲಿಟ್ಟು ಮರೆಯುವುದಂತೂ ಬೇಡವೇ ಬೇಡ, ಚರ್ಮ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ. ತಿಜೋರಿಯಲ್ಲಿ ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಿಸಲಿ.

ಇಷ್ಟು ಹೇಳಿದ ಮೇಲೆ ನನ್ನ ಆಯ್ಕೆ: ಸ್ಟೇನ್‌ಲೆಸ್, 5 ಇಂಚು, 9 ಎಂಎಂ, ಸ್ಪ್ರಿಂಗ್‌ಫೀಲ್ಡ್ ಅಥವಾ ರೂಗರ್.

ಹೊನ್ನಾವರದ ನಾಯ್ಕರು ಇಂಥದ್ದು ತೋಟಕ್ಕೆ ಬರುವ ಹಂದಿಗೆ ಆಗುತ್ತದೆಯೇ ಎಂದು ಕೇಳಿದ್ದಾರೆ. ಆಗುವುದಿಲ್ಲ ನಾಯ್ಕರೇ. 9 ಎಂಎಂ ನಮ್ಮಲ್ಲಿ ಸಾರ್ವಜನಿಕರಿಗೆ ನಿಷಿದ್ಧ ಬೋರ್ (ನಳಿಗೆಯ ಅಳತೆ). ಬೆಳೆ ರಕ್ಷಣೆಗೆ ಪರವಾನಗಿಯ ಕೋವಿಯೇ ದಾರಿ.

ಹೆಗಡೆಯವರೇ, ಕೊನೆಯದಾಗಿ ಒಂದನ್ನು ಮಗನಿಗೆ ಒತ್ತಿ ಹೇಳಿ. ರೇಂಜಿಗೆ ಒಯ್ಯುವ ಚೀಲವನ್ನು ಊರಿಗೆ ಬರುವಾಗ ಬಳಸಲೇಬಾರದು. ಮೂಲೆಯಲ್ಲಿ ಉಳಿದ ಒಂದೇ ಒಂದು ಗುಂಡು ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗುತ್ತದೆ, ಗೊತ್ತಿರಲಿಲ್ಲ ಎಂದು ಸಾಬೀತು ಮಾಡಲು ನ್ಯಾಯಾಲಯ ಅಲೆಯಬೇಕಾಗುತ್ತದೆ. ರೇಂಜಿಗೆಂದೇ ಬೇರೆ ಬಣ್ಣದ ಚೀಲ ಕೊಂಡು ಪ್ರತ್ಯೇಕವಾಗಿಡಲಿ. ವೀಸಾ ವಿವರ ಸಿಕ್ಕಿದ ಮೇಲೆ ಇಲ್ಲೇ ಬರೆಯಿರಿ, ಅಂಗಡಿಯಲ್ಲಿ ಪಿಸ್ತೂಲನ್ನು ಹೇಗೆ ಪರೀಕ್ಷಿಸಬೇಕೆಂದು ಅಳಿಯನನ್ನೂ ಕೇಳಿ ತಿಳಿಸುತ್ತೇನೆ.