ಮೂಲ ಗೇಮ್ ಮೂಲೆಗೆ, ಅದನ್ನು ನೋಡಿ ಮಾಡಿದ್ದು ಮೆರವಣಿಗೆಗೆ?

ಪ್ರಶ್ನೆ: ನನ್ನ ತಮ್ಮ ರಾತ್ರಿಯೆಲ್ಲ ‘ಸ್ಟಾರ್‌ಡ್ಯೂ ವ್ಯಾಲಿ’ ಅಂತ ಬೇಸಾಯದ ಗೇಮ್ ಆಡುತ್ತಾನೆ. ತಾನೂ ಅಂಥದ್ದೊಂದು ಮಾಡ್ತೀನಿ ಅಂತಾನೆ. ಈ ಸ್ಟಾರ್‌ಡ್ಯೂ ‘ಹಾರ್ವೆಸ್ಟ್ ಮೂನ್’ ಅನ್ನೋ ಹಳೆ ಜಪಾನಿ ಗೇಮ್ ನೋಡಿ ಮಾಡಿದ್ದಂತೆ. ಮೂಲದ್ದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ, ನಕಲಿಗೆ ಮಾತ್ರ ಇಷ್ಟು ಹೆಸರು ಯಾಕೆ ಸಾರ್?
– ಓದುಗರು, ಮಾಲೂರು

ಉತ್ತರ: ನಕಲು ಅಂದುಬಿಟ್ಟರೆ ಅನ್ಯಾಯ ಆಗುತ್ತೆ ಕಣ್ರೀ. ಹಾರ್ವೆಸ್ಟ್ ಮೂನ್ ಜಪಾನಿನಲ್ಲಿ ಬಂದದ್ದು 1996ರಲ್ಲಿ. ಅಮೆರಿಕದ ಎರಿಕ್ ಬರೋನ್ ಅದನ್ನು ಆಡುತ್ತಲೇ ಬೆಳೆದವರು, ಆಮೇಲಿನ ಭಾಗಗಳಲ್ಲಿ ಮೊದಲಿನ ರುಚಿ ಇಲ್ಲ ಅಂತ ಬೇಸರವಾಗಿ, ಕೋಡ್, ಚಿತ್ರ, ಸಂಗೀತ ಎಲ್ಲ ಒಬ್ಬರೇ ಕೂತು ನಾಲ್ಕೂವರೆ ವರ್ಷದಷ್ಟು ಕಾಲ ಸ್ಟಾರ್‌ಡ್ಯೂ ಮಾಡಿ 2016ರ ಫೆಬ್ರವರಿಯಲ್ಲಿ ಬಿಟ್ಟರು. ಬಿಟ್ಟದ್ದು ಎಲ್ಲಿ? ಪಿಸಿಯಲ್ಲಿ. ಹಳೆಯದು ಆಡಬೇಕಾದರೆ ನಿಂಟೆಂಡೊನೋ ಪ್ಲೇಸ್ಟೇಷನ್ನೋ ಅಂಥ ಗೇಮ್ ಯಂತ್ರ ಬೇಕಿತ್ತು. ಆ ಕಾಲಕ್ಕೆ ಮಾಲೂರಲ್ಲಿ ಅದೆಲ್ಲ ಎಷ್ಟು ಮನೇಲಿತ್ತು ಹೇಳಿ!

ಇನ್ನು ಹೆಸರಿನ ರಗಳೆ. ಹಾರ್ವೆಸ್ಟ್ ಮೂನ್ ಅನ್ನೋ ಇಂಗ್ಲಿಷ್ ಹೆಸರು, ಅದನ್ನು ಅಮೆರಿಕದಲ್ಲಿ ಮಾರುತ್ತಿದ್ದ ನಾಟ್ಸುಮೆ ಕಂಪನಿಯದ್ದು. 2014ರಲ್ಲಿ ಮೂಲ ಸರಣಿಯವರು ಅವರಿಂದ ಬೇರೆಯಾಗಿ ‘ಸ್ಟೋರಿ ಆಫ್ ಸೀಸನ್ಸ್’ ಅಂತ ಹೆಸರು ಬದಲಿಸಿಕೊಂಡರು, ಇತ್ತ ನಾಟ್ಸುಮೆಯವರು ಹಳೆ ಹೆಸರಲ್ಲೇ ತಮ್ಮದೇ ಬೇರೆ ಗೇಮ್ ಮಾಡತೊಡಗಿದರು. ಹೋಟೆಲ್ ಬೋರ್ಡು ಒಬ್ಬರ ಹತ್ರ, ಅಡುಗೆ ಭಟ್ಟರು ಇನ್ನೊಬ್ಬರ ಹತ್ರ! ಗಿರಾಕಿ ಗೊಂದಲಕ್ಕೆ ಬೀಳದೆ ಇರ್ತಾನಾ? ಮೂಲ ಸರಣಿ ಸತ್ತಿಲ್ಲ, ಈಗಲೂ ಬರುತ್ತಿದೆ. ಸ್ಟಾರ್‌ಡ್ಯೂ ಮಾತ್ರ 2024ರ ಕೊನೆಗೆ 4 ಕೋಟಿ ದಾಟಿ ಮಾರಾಟವಾಗಿತ್ತು, ದೊಡ್ಡ ದೊಡ್ಡ ಅಪ್‌ಡೇಟ್‌ಗಳನ್ನೂ ಬರೋನ್ ಪುಕ್ಕಟೆ ಕೊಟ್ಟರು.

ಮೈನ್‌ಕ್ರಾಫ್ಟ್ ಕಥೆ ಬೇರೆ ಥರ. ಚೌಕ ಇಟ್ಟಿಗೆ ಜೋಡಿಸಿ ಲೋಕ ಕಟ್ಟೋ ಆ ಗೇಮ್‌ಗೆ ಸ್ಫೂರ್ತಿ 2009ರ ‘ಇನ್ಫಿನಿಮೈನರ್’. ಅದರ ಕೋಡ್ ಹೊರಗೆ ಸೋರಿಹೋಯಿತು, ಮಾಡಿದವರು ಕೈಬಿಟ್ಟರು, ಮೈನ್‌ಕ್ರಾಫ್ಟ್‌ನವರು ಬಿಡಲಿಲ್ಲ. ಅಷ್ಟೇ.

ಹಾಗಂತ ಆಮೇಲೆ ಬಂದವರೆಲ್ಲ ಗೆಲ್ಲೋದಿಲ್ಲ. ಸ್ಟಾರ್‌ಡ್ಯೂ ನೋಡಿ ಮಾಡಿದ ಬೇಸಾಯದ ಗೇಮ್‌ಗಳು ಈಗ ರಾಶಿ ಬಿದ್ದಿವೆ, ಹೆಚ್ಚಿನವು ಸುಮ್ನೆ ಬಣ್ಣ ಬದಲಿಸಿದವು. ಹಳೆಯದರಲ್ಲಿ ತನಗೆ ಏನು ಸಾಲದು ಅನ್ನೋದು ಬರೋನ್‌ಗೆ ಗೊತ್ತಿತ್ತು ಅಲ್ವಾ, ನಿಮ್ಮ ತಮ್ಮನೂ ಅಲ್ಲಿಂದಲೇ ಶುರು ಮಾಡಲಿ. ಸ್ಟಾರ್‌ಡ್ಯೂದಲ್ಲಿ ಟೊಮೆಟೊ 11 ದಿನಕ್ಕೆ ಬರುತ್ತೆ, ಆಮೇಲೆ 4 ದಿನಕ್ಕೊಂದು ಕೊಯ್ಲು, ರಾಶಿ ಹಾಕಿದರೂ ರೇಟು ಬೀಳೋದೇ ಇಲ್ಲ! ಕೋಲಾರ ಮಂಡಿಗೆ ಕ್ರೇಟ್ ಹೊತ್ತವರು ನಗಬೇಕು. ಬೆಳಿಗ್ಗೆ ಇದ್ದ ರೇಟು ಮಧ್ಯಾಹ್ನಕ್ಕೆ ಇಳಿಯೋ ಗೇಮ್ ಮಾಡಿದರೆ ಹೇಳಿ, ನಾನಂತೂ ಆಡ್ತೀನಿ.