ಮಕ್ಕಳು ಮಡಚಿದ ನೆವ್ರಿ

ಪ್ರಶ್ನೆ: ನನಗೆ ನಾಲ್ಕು ಮತ್ತು ಏಳು ವರ್ಷದ ಇಬ್ಬರು ಮಕ್ಕಳು. ಕ್ರಿಸ್‌ಮಸ್ ರಜೆಯಲ್ಲಿ ಅವರ ಜೊತೆ ಕೂತು ಒಳಗೆ ಹೂರಣ ಇರುವ ಕುಕ್ಕೀಸ್ ಮಾಡಬೇಕು ಅಂತ ಆಸೆ. ಹೋದ ವರ್ಷ ಜಾಮ್ ತುಂಬಿ ಓವನ್‌ನಲ್ಲಿಟ್ಟಿದ್ದೆ. ಜಾಮ್ ಉಕ್ಕಿ ಟ್ರೇಗೆಲ್ಲ ಅಂಟಿತು. ಮಕ್ಕಳು ಹಿಟ್ಟಿಗಾಗಿ ಜಗಳ ಆಡಿದರು. ದೀಪಾವಳಿಗೆ ನಮ್ಮಲ್ಲಿ ಕರ್ಜಿಕಾಯಿ ಕರಿಯುತ್ತೇವೆ. ಆದರೆ ಕಾದ ಎಣ್ಣೆ ಹತ್ತಿರ ಮಕ್ಕಳನ್ನು ಬಿಡೋಕೆ ಭಯ. ಏನು ಮಾಡಲಿ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಕರ್ಜಿಕಾಯಿ ಅಂತ ನೀವೇ ಬರೆದಿದ್ದೀರಲ್ಲ, ಅದನ್ನೇ ಹಿಡಿದುಕೊಳ್ಳಿ. ಮಂಗಳೂರಿನ ನಮ್ಮ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮಾಡುವ ನೆವ್ರಿ ಮತ್ತು ನಿಮ್ಮ ಕರ್ಜಿಕಾಯಿ ಅಕ್ಕತಂಗಿ ಇದ್ದ ಹಾಗೆ. ಗೋವಾದ ಹಿಂದೂಗಳ ಮನೆಯಲ್ಲಿ ಇದೇ ನೆವ್ರಿಯನ್ನು ಚೌತಿಗೂ ದೀಪಾವಳಿಗೂ ಮಾಡುತ್ತಾರೆ. ನೆವ್ರಿ, ಸುರುಳಿ ಸುತ್ತಿ ಮಾಡುವ ಕಿಡ್ಯೊ, ರೋಸ್ ಕುಕ್ಕೀಸ್, ತುಕ್ಡಿ, ಎಳ್ಳಿನ ಲಾಡು ಎಲ್ಲ ಸೇರಿದರೆ ನಮ್ಮ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳು. 22 ವರ್ಷ ಮನೆಯಲ್ಲೇ ಕುಸ್ವಾರ್ ಆರ್ಡರ್ ಹಿಡಿದು ಮಾಡಿಕೊಟ್ಟಿದ್ದೇನೆ. ಆಗೆಲ್ಲ ನೆವ್ರಿ ಕರಿಯುವುದೇ ಪದ್ಧತಿ. ಮೊಮ್ಮಕ್ಕಳು ಅಡುಗೆಮನೆಗೆ ಬಂದು ಕೂರಲು ಶುರು ಮಾಡಿದ ಮೇಲೆ ಅವರ ಪಾಲಿನದನ್ನು ಓವನ್‌ಗೆ ಹಾಕುತ್ತಿದ್ದೇನೆ. ರುಚಿ ಬೇರೆ, ಬಿಸ್ಕತ್ತಿನ ಹಾಗೆ ಪುಡಿಪುಡಿ. ಚೆನ್ನಾಗಿಯೇ ಇರುತ್ತದೆ.

ಮೊದಲು ಜಾಮ್ ವಿಷಯ. ಜಾಮ್‌ನಲ್ಲಿ ನೀರಿದೆ, ಸಕ್ಕರೆ ಇದೆ. ಓವನ್ ಬಿಸಿಗೆ ಅದು ಕುದಿಯುತ್ತದೆ, ಎಲ್ಲಿ ಸಣ್ಣ ಸಂದು ಸಿಕ್ಕಿದರೂ ಹೊರಗೆ ಬರುತ್ತದೆ. ಬೆಲ್ಲವೂ ಹಾಗೇ, ಕರಗಿ ಹರಿಯುತ್ತದೆ. ಅದಕ್ಕೇ ಮಕ್ಕಳ ಜೊತೆ ಮಾಡುವಾಗ ಹೂರಣ ಒಣಗಿರಬೇಕು. ಒಂದು ಕಪ್ ಒಣಕೊಬ್ಬರಿ ತುರಿ, ಎರಡು ದೊಡ್ಡ ಚಮಚ ಬಿಳಿ ಎಳ್ಳು, ಅರ್ಧ ಕಪ್ ಸಕ್ಕರೆ ಪುಡಿ, ಹತ್ತು ಗೋಡಂಬಿ, ನಾಲ್ಕು ಏಲಕ್ಕಿ. ಎಳ್ಳು ಚಟಪಟ ಅನ್ನುವ ತನಕ ಹುರಿಯಿರಿ. ಕೊಬ್ಬರಿಯನ್ನು ಬಣ್ಣ ತಿರುಗದ ಹಾಗೆ ಸುಮ್ನೆ ಬೆಚ್ಚಗೆ ಮಾಡಿದರೆ ಸಾಕು. ಪೂರ್ತಿ ಆರಿದ ಮೇಲೆ ಸಕ್ಕರೆ ಸೇರಿಸಿ. ಬಿಸಿಯಲ್ಲೇ ಹಾಕಿದರೆ ಪಸೆ ಬಿಟ್ಟು ಮುದ್ದೆಯಾಗುತ್ತದೆ. ಹಸಿ ತೆಂಗಿನಕಾಯಿ ಬೇಡ, ಬೇಗ ಹಳಸುತ್ತದೆ. ಗೋಡಂಬಿಯನ್ನು ಚೆನ್ನಾಗಿ ಪುಡಿ ಮಾಡಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಗೋಡಂಬಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಈ ಹೂರಣವನ್ನು ಹಿಂದಿನ ದಿನವೇ ಮಾಡಿ ಡಬ್ಬಕ್ಕೆ ಹಾಕಿಡಿ. ಹುರಿಯುವುದು ನಿಮ್ಮ ಕೆಲಸ, ಏಲಕ್ಕಿ ಕುಟ್ಟುವುದು ಏಳು ವರ್ಷದವರ ಕೆಲಸ. ಹೂರಣ, ಮಡಚುವುದು ಎರಡೂ ಒಂದೇ ದಿನ ಇಟ್ಟುಕೊಂಡರೆ ನಿಮ್ಮ ಕೈಯೂ ಸೋಲುತ್ತದೆ, ಮಕ್ಕಳ ಮನಸ್ಸೂ ಸೋಲುತ್ತದೆ. ನಾಲ್ಕು ವರ್ಷದ ಮಗು ಅರ್ಧ ಗಂಟೆ ಕೂತರೆ ಅದೇ ಜಾಸ್ತಿ. ಆ ಅರ್ಧ ಗಂಟೆಯನ್ನು ಮಡಚುವುದಕ್ಕೆ ಉಳಿಸಿ.

ಹಿಟ್ಟಿಗೆ 250 ಗ್ರಾಂ ಮೈದಾ, 125 ಗ್ರಾಂ ತಣ್ಣಗಿನ ಬೆಣ್ಣೆ, 50 ಗ್ರಾಂ ಸಕ್ಕರೆ ಪುಡಿ, ಎರಡು ಮೂರು ಚಮಚ ತಣ್ಣನೆ ಹಾಲು. ಅಂಗಡಿಯ ಉಪ್ಪಿನ ಬೆಣ್ಣೆಯಾದರೆ ಬೇರೆ ಉಪ್ಪು ಹಾಕಬೇಡಿ. ಬೆಣ್ಣೆಯನ್ನು ಮೈದಾದಲ್ಲಿ ಬೆರಳ ತುದಿಯಿಂದ ಉಜ್ಜಿ, ರವೆಯ ಹಾಗೆ ಆಗಬೇಕು. ಮಕ್ಕಳಿಗೆ ಈ ಕೆಲಸ ತುಂಬ ಇಷ್ಟ, ಎರಡು ಕೈ ಮುಳುಗಿಸಿ ಕೂರುತ್ತಾರೆ. ಹಾಲು ಹಾಕಿದ ಮೇಲೆ ಮಾತ್ರ ಪಾತ್ರೆಯನ್ನು ನಿಮ್ಮ ಕಡೆ ಎಳೆದುಕೊಳ್ಳಿ. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಗಟ್ಟಿಯಾಗುತ್ತದೆ. ಒಟ್ಟುಗೂಡಿದರೆ ಸಾಕು. ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ನಮ್ಮ ಮಂಗಳೂರಿನಲ್ಲಿ ಡಿಸೆಂಬರ್‌ನಲ್ಲೂ ಸೆಕೆ, ಫ್ರಿಜ್ ಇಲ್ಲದೆ ಆಗುವುದಿಲ್ಲ. ಶಿವಮೊಗ್ಗದ ಬೆಳಗಿನ ಚಳಿ ನಿಮಗೆ ಸಹಾಯ ಮಾಡುತ್ತದೆ. ಬೆಳಿಗ್ಗೆಯೇ ಕೂತುಕೊಳ್ಳಿ.

ಇನ್ನು ಜಗಳ. ಒಂದೇ ಪಾತ್ರೆಯ ಹಿಟ್ಟು ಇಟ್ಟರೆ ಜಗಳ ಆಗೇ ಆಗುತ್ತದೆ. ಇಬ್ಬರಿಗೂ ಬೇರೆ ಬೇರೆ ಉಂಡೆ ಕೊಡಿ, ಬೇರೆ ಬೇರೆ ತಟ್ಟೆ, ಬೇರೆ ಬೇರೆ ನೀರಿನ ಬಟ್ಟಲು. ಮೇಜು ಬೇಡ, ನೆಲಕ್ಕೆ ಚಾಪೆ ಹಾಸಿ, ಮೇಲೆ ಪೇಪರ್ ಹಾಕಿ. ನಾವು ಚಿಕ್ಕವರಿದ್ದಾಗ ಕುಸ್ವಾರ್ ಮಾಡುತ್ತಿದ್ದದ್ದು ಹೀಗೆ ನೆಲದಲ್ಲೇ ಸುತ್ತ ಕೂತು. ಹೊಸ ಬಾಚಣಿಗೆಯ ಮೇಲೆ, ಫೋರ್ಕ್‌ನ ಬೆನ್ನಿನ ಮೇಲೆ ಕಿಡ್ಯೊ ಸುರುಳಿ ಸುತ್ತುವುದು ಮಕ್ಕಳ ಪಾಲಿನ ಕೆಲಸವಾಗಿತ್ತು. ಹಿಟ್ಟು ಚೆಲ್ಲಿದರೂ ಪೇಪರ್ ಸುತ್ತಿ ಎತ್ತಿದರೆ ಮುಗಿಯಿತು.

ಲಟ್ಟಿಸುವುದು ನೀವು, ಸುಮಾರು ಮೂರು ಮಿಲಿಮೀಟರ್ ದಪ್ಪ. ಸ್ಟೀಲ್ ಡಬ್ಬದ ಮುಚ್ಚಳದಿಂದ ಮೂರು ಇಂಚಿನ ಬಿಲ್ಲೆ ಒತ್ತಲಿ ಏಳು ವರ್ಷದವರು. ಮಧ್ಯೆ ಒಂದು ಚಹಾ ಚಮಚ ಹೂರಣ, ಅದಕ್ಕಿಂತ ಜಾಸ್ತಿ ಬೇಡ. ಈಗ ಚಿಕ್ಕವರ ಸರದಿ. ಬೆರಳನ್ನು ನೀರಲ್ಲಿ ಅದ್ದಿ ಅಂಚಿನ ಅರ್ಧಕ್ಕೆ ಸವರಲಿ, ಮಡಚಿ ಅರ್ಧಚಂದ್ರ ಮಾಡಲಿ. ಮಡಚುವ ಮೊದಲು ಅಂಚನ್ನು ಒಮ್ಮೆ ಹತ್ತಿರದಿಂದ ನೋಡಿ. ಒಂದು ಎಳ್ಳು, ಒಂದು ಎಳೆ ಕೊಬ್ಬರಿ ಅಲ್ಲಿ ಕೂತಿದ್ದರೂ ಸಾಕು, ಓವನ್‌ನಲ್ಲಿ ಅದೇ ಜಾಗ ಬಾಯಿ ಬಿಡುತ್ತದೆ. ಮಗುವಿಗೂ ಅದನ್ನು ತೋರಿಸಿ. ನನ್ನ ಕಿರಿ ಮೊಮ್ಮಗ ಈಗ ತಾನಾಗಿಯೇ ಬಗ್ಗಿ ನೋಡಿ, ಉಗುರಿನಿಂದ ಒಂದೊಂದೇ ಎಳ್ಳು ತೆಗೆಯುತ್ತಾನೆ, ಉಸಿರು ಬಿಗಿಹಿಡಿದುಕೊಂಡು. ಆಮೇಲೆ ಫೋರ್ಕ್‌ನಿಂದ ಅಂಚು ಒತ್ತಿಸಿ. ಅಂಚು ಕತ್ತರಿಸುವ ಹಲ್ಲಿನ ಚಕ್ರ ಇದ್ದರೆ ಅದನ್ನು ನೀವೇ ಇಟ್ಟುಕೊಳ್ಳಿ. ಮಕ್ಕಳು ಅದನ್ನು ಎಳೆದಾಗ ನೆವ್ರಿಯ ಹೊಟ್ಟೆಯೂ ಸೀಳುತ್ತದೆ.

ಕೊನೆಗೆ ಪ್ರತಿ ನೆವ್ರಿಯ ಬೆನ್ನಿಗೆ ಟೂತ್‌ಪಿಕ್‌ನಿಂದ ಚುಚ್ಚಿ ಅವರವರ ಹೆಸರಿನ ಮೊದಲ ಅಕ್ಷರ ಬರೆಯಲಿ. ಅಕ್ಷರ ಬರದ ಮಗು ಚುಕ್ಕಿ ಇಡಲಿ. ಒಳಗಿನ ಹಬೆ ಹೋಗಲು ತೂತು ಹೇಗೂ ಬೇಕು, ಇಲ್ಲದಿದ್ದರೆ ಅಂಚು ಬಿಚ್ಚುತ್ತದೆ. ಯಾರದು ಯಾವುದು ಅಂತಲೂ ಗೊತ್ತಾಗುತ್ತದೆ.

ಓವನ್ ಮೊದಲೇ ಹದಿನೈದು ನಿಮಿಷ ಕಾಯಲಿ. 180 ಡಿಗ್ರಿಯಲ್ಲಿ 15ರಿಂದ 18 ನಿಮಿಷ. ಮೇಜಿನ ಮೇಲಿಡುವ ಚಿಕ್ಕ ಓವನ್ (ಓಟಿಜಿ) ಆದರೆ 12 ನಿಮಿಷಕ್ಕೇ ನೋಡಲು ಶುರು ಮಾಡಿ. ಮೇಲಿನ ಬಣ್ಣ ನೋಡಿ ಮೋಸ ಹೋಗಬೇಡಿ, ಒಂದನ್ನು ತಿರುಗಿಸಿ ಅಡಿ ನೋಡಿ. ಅಡಿ ಹೊಂಬಣ್ಣ ಆಗಿದ್ದರೆ ತೆಗೆಯಿರಿ. ಬಿಸಿಯಲ್ಲಿ ಮೆತ್ತಗೇ ಇರುತ್ತದೆ, ಹತ್ತು ನಿಮಿಷ ಟ್ರೇಯಲ್ಲೇ ಬಿಟ್ಟರೆ ಗಟ್ಟಿಯಾಗುತ್ತದೆ. ಒಳಗಿನ ಸಕ್ಕರೆ ಹೊರಗಿನ ಹಿಟ್ಟಿಗಿಂತ ತುಂಬ ಹೊತ್ತು ಬಿಸಿ ಇರುತ್ತದೆ. ಮೊದಲನೆಯದನ್ನು ನೀವು ಮುರಿದು ನೋಡಿ, ಆಮೇಲೆ ಮಕ್ಕಳಿಗೆ ಕೊಡಿ.

ಹಸಿ ಹಿಟ್ಟು ಬಾಯಿಗೆ ಹಾಕಿಕೊಳ್ಳಲು ಬಿಡಬೇಡಿ. ಹಸಿ ಮೈದಾದಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಬರೀ ಬೇಡ ಅಂದರೆ ಮಕ್ಕಳು ಕೇಳುವುದಿಲ್ಲ, ಅಲ್ವಾ? ಒಂದು ಬಟ್ಟಲಲ್ಲಿ ಹೂರಣ ಹಾಕಿ ಪಕ್ಕದಲ್ಲಿಡಿ, ಅದನ್ನು ತಿನ್ನಲಿ. ಇಷ್ಟು ಹಿಟ್ಟಿಗೆ ಮೂವತ್ತರ ಹತ್ತಿರ ಆಗುತ್ತವೆ. ಪೂರ್ತಿ ಆರಿದ ಮೇಲೆ ಬಿಗಿ ಡಬ್ಬಕ್ಕೆ ತುಂಬಿದರೆ ಹದಿನೈದು ದಿನ ಇರುತ್ತದೆ.

ಪ್ರಶ್ನೆ: ಬಾಯಮ್ಮ, ನಮ್ಮ ಮನೆಯಲ್ಲಿ ಓವನ್ ಇಲ್ಲ. ಮೈಕ್ರೋವೇವ್ ಇದೆ, ಅದರಲ್ಲಿ ಆಗುತ್ತದಾ?
– ಓದುಗರು, ಪುತ್ತೂರು

ಉತ್ತರ: ಕನ್ವೆಕ್ಷನ್, ಅಂದರೆ ಓವನ್ ಹಾಗೆ ಬಿಸಿ ಗಾಳಿಯಲ್ಲಿ ಬೇಯಿಸುವ ಸೌಲಭ್ಯ ಇರುವ ಮೈಕ್ರೋವೇವ್ ಆದರೆ ಆಗುತ್ತದೆ. ಬರೀ ಬಿಸಿ ಮಾಡುವಂಥದ್ದಾದರೆ ಆಗುವುದಿಲ್ಲ, ಹಿಟ್ಟು ರಬ್ಬರಿನ ಹಾಗೆ ಆಗುತ್ತದೆ. ಆಗ ಒಲೆಯ ಮೇಲೆಯೇ ಮಾಡಿ, ದಪ್ಪ ತಳದ ಅಗಲ ಪಾತ್ರೆ ತೆಗೆದುಕೊಳ್ಳಿ. ಒಳಗೆ ಒಂದು ಇಂಚು ಕಲ್ಲುಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು ಮುಚ್ಚಿ, ಹತ್ತು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ. ಅಲ್ಯೂಮಿನಿಯಂ ತಟ್ಟೆಯಲ್ಲಿ ನೆವ್ರಿ ಜೋಡಿಸಿ ಒಳಗಿಟ್ಟು, ಸಣ್ಣ ಉರಿಯಲ್ಲಿ 25 ನಿಮಿಷ ಬಿಡಿ. ಆಮೇಲೆ ಅಡಿ ನೋಡಿ. ಮೇಲೆ ಬಿಳಿಯೇ ಉಳಿಯುತ್ತದೆ, ಬೆಂದಿರುತ್ತದೆ. ಕುಕ್ಕರ್‌ನಲ್ಲಿ ಮಾಡುವುದಾದರೆ ಗ್ಯಾಸ್ಕೆಟ್ ಮತ್ತು ವೇಟ್ ಎರಡನ್ನೂ ತೆಗೆಯಲೇಬೇಕು. ನಾನ್‌ಸ್ಟಿಕ್ ಪಾತ್ರೆಯನ್ನು ಹೀಗೆ ಒಣ ಕಾಯಿಸಬೇಡಿ. ಆ ಉಪ್ಪನ್ನು ಅಡುಗೆಗೆ ಬಳಸದೆ ಇದಕ್ಕೇ ಎತ್ತಿಡಿ. ಒಲೆಯ ಮೇಲಿನ ಕೆಲಸ ಆದ್ದರಿಂದ ಮಕ್ಕಳ ಪಾಲು ಚಾಪೆಯ ಮೇಲೆಯೇ ಮುಗಿಯಲಿ.

ಪ್ರಶ್ನೆ: ನಾವು ಶಾರ್ಜಾದಲ್ಲಿದ್ದೇವೆ, ಊರು ಕುಂದಾಪುರ. ಪಕ್ಕದ ಮನೆಯ ಲೆಬನಾನಿನ ಅಕ್ಕ ನನ್ನ ಮಗಳಿಗೆ ಹಿಡಿ ಇರುವ ಮರದ ಅಚ್ಚು ಕೊಟ್ಟಿದ್ದಾರೆ, ಒಳಗೆ ಹೂವಿನ ಕೆತ್ತನೆ ಇದೆ. ಇದರಲ್ಲಿ ನೆವ್ರಿ ಮಾಡಬಹುದಾ? ಮಗಳ ಸ್ನೇಹಿತೆಗೆ ಗೋಡಂಬಿ, ಬಾದಾಮಿ ಅಲರ್ಜಿ ಇದೆ.
– ಓದುಗರು, ಶಾರ್ಜಾ

ಉತ್ತರ: ಅದು ಮಾಮೂಲ್ ಎಂಬ ತಿಂಡಿಯ ಅಚ್ಚು. ಆ ಕಡೆಯ ಕ್ರೈಸ್ತರು ಈಸ್ಟರ್‌ಗೆ, ಮುಸ್ಲಿಮರು ಈದ್‌ಗೆ ಮಾಡುವ ಹೂರಣದ ಕುಕ್ಕೀಸ್. ಒಳಗೆ ಖರ್ಜೂರ, ಇಲ್ಲವೇ ಅಕ್ರೋಟ್, ಪಿಸ್ತಾ. ಮಗಳ ಸ್ನೇಹಿತೆಗಾಗಿ ಖರ್ಜೂರದ್ದೇ ಮಾಡಿ, ಅಲರ್ಜಿಯ ಚಿಂತೆ ಕಡಿಮೆ. ಆದರೂ ಖರ್ಜೂರದ ಪ್ಯಾಕೆಟ್ ಮೇಲೆ ಬರೆದದ್ದನ್ನು ಓದಿ, ಆ ಮಗುವಿನ ತಾಯಿಯನ್ನೂ ಒಂದು ಮಾತು ಕೇಳಿ. ಎಳ್ಳಿಗೂ ಕೆಲವು ಮಕ್ಕಳಿಗೆ ಆಗುವುದಿಲ್ಲ.

ಮಾಮೂಲ್ ಹಿಟ್ಟು ರವೆಯದ್ದು. ರವೆಗೆ ತುಪ್ಪ ಉಜ್ಜಿ ರಾತ್ರಿಯಿಡೀ ಬಿಡಬೇಕು, ರವೆ ತುಪ್ಪ ಕುಡಿದು ಮೆತ್ತಗಾಗುತ್ತದೆ. ಬೆಳಿಗ್ಗೆ ಸ್ವಲ್ಪ ಗುಲಾಬಿ ನೀರು ಚಿಮುಕಿಸಿ ಕೂಡಿಸುತ್ತಾರೆ. ಅಳತೆಯನ್ನು ಆ ಅಕ್ಕನ ಹತ್ತಿರವೇ ಕೇಳಿ ಕಲಿಯಿರಿ, ನಿಮ್ಮ ಮಗಳನ್ನೂ ಕರೆದುಕೊಂಡು ಹೋಗಿ. ಹೂರಣ ತುಂಬಿದ ಉಂಡೆಯನ್ನು ಅಚ್ಚಿಗೆ ಒತ್ತಿ, ಅಚ್ಚಿನ ತುದಿಯನ್ನು ಮೇಜಿಗೆ ಟಪ್ ಅಂತ ಬಡಿದರೆ ಹೂವು ಕೈಗೆ ಬೀಳುತ್ತದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಅಚ್ಚಿಗೆ ಮೊದಲೇ ಸ್ವಲ್ಪ ಒಣ ಹಿಟ್ಟು ಉದುರಿಸಿಡಿ, ಇಲ್ಲದಿದ್ದರೆ ಕೆತ್ತನೆಯಲ್ಲಿ ಅಂಟಿಕೊಳ್ಳುತ್ತದೆ. ನೆವ್ರಿಯನ್ನು ಕೈಯಲ್ಲೇ ಮಡಚಿ.

ಪ್ರಶ್ನೆ: ನಮ್ಮ ಮನೆಯಿಂದ ಕ್ರಿಸ್‌ಮಸ್‌ಗೆ ಹತ್ತು ಮನೆಗೆ ಕುಸ್ವಾರ್ ತಟ್ಟೆ ಹೋಗುತ್ತದೆ. ನನ್ನ ಮಗನಿಗೆ ಐದು ವರ್ಷ, ಅವನೂ ಸೇರಿಕೊಂಡು ಮಾಡುತ್ತಾನೆ. ಅವನು ಮಾಡಿದ್ದು ಸೊಟ್ಟ ಇರುತ್ತದೆ, ಅದನ್ನು ಹೊರಗೆ ಕಳಿಸುವುದು ಬೇಡ ಅಂತ ಅತ್ತೆ ಹೇಳುತ್ತಾರೆ. ಅವನಿಗೆ ಗೊತ್ತಾಗದ ಹಾಗೆ ನಾನೇ ಸರಿ ಮಾಡಿಬಿಡಲಾ?
– ಒಬ್ಬ ಸೊಸೆ, ಮಂಗಳೂರು

ಉತ್ತರ: ದಯವಿಟ್ಟು ಮಾಡಬೇಡಿ. ನಾನು ಮಾಡಿ ನೋಡಿದ್ದೇನೆ.

ಮೊಮ್ಮಗಳು ಬೆಂಗಳೂರಿನಿಂದ ಬಂದಿದ್ದಳು. ಆಗ ಅವಳಿಗೂ ಐದು ವರ್ಷ. ಆರು ನೆವ್ರಿ ಮಡಚಿದಳು. ಫೋರ್ಕ್ ಬೇಡ ಅಂದಳು, ಹೆಬ್ಬೆರಳಿನಿಂದ ಒತ್ತಿದಳು. ಅಂಚಿನ ಸುತ್ತ ಅವಳ ಬೆರಳಿನ ಸಣ್ಣ ಸಣ್ಣ ಗುಳಿ. ಎರಡರಲ್ಲಿ ಹೂರಣ ಇಣುಕುತ್ತಿತ್ತು. ಅವಳು ಕೈ ತೊಳೆಯಲು ಹೋದಾಗ ನಾನು ಆರನ್ನೂ ಎತ್ತಿ, ಅಂಚು ಕತ್ತರಿಸಿ, ಫೋರ್ಕ್‌ನಿಂದ ಸಾಲಾಗಿ ಒತ್ತಿಬಿಟ್ಟೆ. ಆರ್ಡರ್ ಕೆಲಸದ ಅಭ್ಯಾಸ, ಕೈ ತಾನಾಗಿ ಹೋಯಿತು.

ವಾಪಸ್ ಬಂದವಳು ತಟ್ಟೆ ಮುಂದೆ ಕೂತು ಹುಡುಕಿದಳು. ಒಂದನ್ನು ಎತ್ತಿ ಅಂಚಿನ ಮೇಲೆ ತನ್ನ ಹೆಬ್ಬೆರಳು ಇಟ್ಟು ನೋಡಿದಳು. ಬೆರಳು ಗುಳಿಯಲ್ಲಿ ಕೂರಲಿಲ್ಲ, ಗುಳಿಯೇ ಇರಲಿಲ್ಲವಲ್ಲ. "ನಂದು ಎಲ್ಲಿ?" ಅಂದಳು. ನಾನು "ಇದೇ ನಿಂದು ಮಗಾ" ಅಂದೆ. ಅವಳು ಅದನ್ನು ತಟ್ಟೆಯಲ್ಲಿಟ್ಟು ಎದ್ದು ಹೋದಳು. ಅಳಲಿಲ್ಲ. ಆ ದಿನ ಮತ್ತೆ ಅಡುಗೆಮನೆಗೆ ಬರಲಿಲ್ಲ. ಸಂಜೆ ಕಿಡ್ಯೊ ಸುತ್ತಲು ಕರೆದೆ, "ನೀವೇ ಮಾಡಿ" ಅಂದಳು. ಆ ಮಾತು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಮರುದಿನ ಅವಳ ಹತ್ತಿರ ಕೂತು, ನಿನ್ನೆ ಅಂಚು ಬದಲಾಯಿಸಿದ್ದು ನಾನೇ ಅಂತ ಹೇಳಿದೆ. ಹೊಸ ಉಂಡೆ ಕೊಟ್ಟೆ. ಟೂತ್‌ಪಿಕ್‌ನಿಂದ ಗುರುತು ಹಾಕುವುದು ಶುರುವಾದದ್ದು ಆ ದಿನವೇ, ಅವಳೇ ಕೇಳಿದ್ದು. ಓವನ್‌ನಲ್ಲಿ ಅವಳ ಎರಡು ನೆವ್ರಿ ಬಾಯಿ ಬಿಟ್ಟವು, ಸಕ್ಕರೆ ಹರಿದು ಟ್ರೇ ಮೇಲೆ ಕಂದು ಗಾಜಿನ ಹಾಗೆ ಗಟ್ಟಿಯಾಯಿತು. ಆರಿದ ಮೇಲೆ ಅದನ್ನೇ ಕೆರೆದು ತಿಂದಳು. ಮುಂದಿನ ಸಲ ಯಾಕೆ ಒಡೆಯಿತು ಅಂತ ತಾನೇ ಕೇಳಿದಳು, ನಾನು ಅಂಚಿನಲ್ಲಿದ್ದ ಕೊಬ್ಬರಿ ತೋರಿಸಿದೆ. ಈಗ ಅವಳ ಅಂಚು ನನ್ನದಕ್ಕಿಂತ ನೇರ.

ಚುಕ್ಕಿ ಇಟ್ಟ ಆ ನೆವ್ರಿಗಳಲ್ಲಿ ಎರಡನ್ನು ಪಕ್ಕದ ಮನೆಯ ಅಜ್ಜಿಯ ತಟ್ಟೆಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟೆ. ಅಜ್ಜಿ ಬಾಗಿಲಲ್ಲೇ ಬಟ್ಟೆ ಸರಿಸಿ ನೋಡಿದರು, ಚುಕ್ಕಿಯದ್ದನ್ನೇ ಎತ್ತಿಕೊಂಡು "ಇದು ಯಾರು ಮಾಡಿದ್ದು?" ಅಂದರು. ತಟ್ಟೆ ವಾಪಸ್ ಬಂದಾಗ ಅದರಲ್ಲಿ ನಾಲ್ಕು ಕದಳಿ ಬಾಳೆಹಣ್ಣು ಇತ್ತು. ನಮ್ಮಲ್ಲಿ ಖಾಲಿ ತಟ್ಟೆ ಯಾರೂ ಕಳಿಸುವುದಿಲ್ಲವಲ್ಲ. ಮೊಮ್ಮಗಳು ಆ ನಾಲ್ಕೂ ತನಗೇ ಬಂದದ್ದು ಅಂತ ಎತ್ತಿಟ್ಟುಕೊಂಡಳು.

ನಿಮ್ಮ ಅತ್ತೆಯ ಮಾತನ್ನೂ ಪೂರ್ತಿ ತಳ್ಳಿಹಾಕಬೇಡಿ. ಹತ್ತು ಮನೆಗೆ ಹೋಗುವ ತಟ್ಟೆ ಚೆಂದ ಇರಬೇಕು ಅನ್ನುವುದು ಅವರ ವರ್ಷಗಳ ಶ್ರದ್ಧೆ. ಬಾಯಿ ಬಿಟ್ಟದ್ದನ್ನು ಮನೆಯಲ್ಲೇ ತಿನ್ನಿ. ಬಾಯಿ ಮುಚ್ಚಿದ ಸೊಟ್ಟ ನೆವ್ರಿ ಒಂದೊಂದು ತಟ್ಟೆಗೆ ಒಂದೇ ಇಡಿ, ಆದರೆ ಮೇಲೆ ಇಡಿ. ಅದನ್ನು ಅತ್ತೆಯ ಕೈಯಿಂದಲೇ ಇಡಿಸಿದರೆ ಇನ್ನೂ ಒಳ್ಳೆಯದು. ತಟ್ಟೆ ಹಿಡಿದು ಪಕ್ಕದ ಮನೆಗೆ ಹೋಗುವುದು ನಿಮ್ಮ ಮಗನೇ ಆಗಲಿ. ಭಾರವಾದರೆ ಕೆಳಗಿನಿಂದ ನೀವು ಒಂದು ಕೈ ಕೊಡಿ.